ನುಡಿಯ ತೂಕವೂ ನುಡಿವವನ ತೂಕವೂ

ಅಂಗಡಿಯಲ್ಲಿ ಅಕ್ಕಿಯನ್ನು ಕೊಳ್ಳುವವನು ತಕ್ಕಡಿಯ ಮುಳ್ಳನ್ನು ನೋಡದೆ ಹಣವನ್ನು ಎಣಿಸಿ ಕೊಡುವುದಿಲ್ಲ. ಅಕ್ಕಸಾಲಿಗನ ಬಳಿಗೆ ಹೋದವನು ಚಿನ್ನವನ್ನು ಒರೆಗಲ್ಲಿಗೆ ಹಚ್ಚಿಸದೆ ಹಿಂದಿರುಗುವುದಿಲ್ಲ. ತೂಗಿ ಕೊಳ್ಳುವುದು, ಒರೆದು ನೋಡುವುದು ಲೋಕದಲ್ಲಿ ಎಲ್ಲರಿಗೂ ತಿಳಿದಿರುವ ವಿವೇಕ. ಆದರೆ ಅದೇ ಮನುಷ್ಯನು ಮನೆಯ ಜಗಲಿಯ ಮೇಲೆ ನಾಲ್ವರ ನಡುವೆ ಕುಳಿತು ಒಂದು ವಾದವನ್ನು ಕೇಳುವಾಗ ಆ ವಿವೇಕವನ್ನು ಅಂಗಡಿಯಲ್ಲಿಯೇ ಬಿಟ್ಟು ಬಂದವನಂತೆ ನಡೆದುಕೊಳ್ಳುತ್ತಾನೆ. ಹೊಲವನ್ನು ಮಾರುವುದೋ ಉಳಿಸಿಕೊಳ್ಳುವುದೋ, ಮಗಳನ್ನು ಓದಿಸುವುದೋ ಮದುವೆ ಮಾಡುವುದೋ, ರೋಗಿಯನ್ನು ಯಾವ ವೈದ್ಯನಲ್ಲಿಗೆ ಕರೆದೊಯ್ಯುವುದು ಎಂಬಂಥ ಬದುಕಿನ ದೊಡ್ಡ ತೀರ್ಮಾನಗಳೆಲ್ಲವೂ ಮಾತಿನ ಮೇಲೆಯೇ ನಡೆಯತಕ್ಕವು. ಆ ಮಾತನ್ನು ತೂಗುವ ತಕ್ಕಡಿ ಮಾತ್ರ ಬಹು ಮಂದಿಯ ಕೈಯಲ್ಲಿಲ್ಲ. ಇದ್ದವರ ಕೈಯಲ್ಲಿಯೂ ಅದು ಅನೇಕ ವೇಳೆ ತೂಗಬೇಕಾದುದನ್ನು ಬಿಟ್ಟು ಬೇರೊಂದನ್ನು ತೂಗುತ್ತದೆ. ಈ ತಪ್ಪು ಎಂಥದು, ಅದು ಏಕೆ ಇಷ್ಟು ಸುಲಭವಾಗಿ ಸಂಭವಿಸುತ್ತದೆ, ಅದರಿಂದ ಒದಗುವ ಹಾನಿ ಏನು ಎಂಬುದು ವಿಚಾರ ಮಾಡತಕ್ಕ ವಿಷಯವಾಗಿದೆ.

ವಾದವನ್ನು ಪರೀಕ್ಷಿಸುವ ಶಾಸ್ತ್ರವು ಈ ದೇಶಕ್ಕೆ ಹೊಸದಲ್ಲ. ಗೌತಮನ ನ್ಯಾಯಸೂತ್ರಗಳು ಅನುಮಾನವಾಕ್ಯವನ್ನು ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಐದು ಅವಯವಗಳಾಗಿ ಬಿಡಿಸಿ ತೋರಿಸಿವೆ. ತರ್ಕವನ್ನು ಕಲಿಯುವ ಪ್ರತಿಯೊಬ್ಬನೂ ಮೊದಲು ಕೇಳುವ ಬೆಟ್ಟದ ಹೊಗೆಯ ದೃಷ್ಟಾಂತ ಎಲ್ಲರಿಗೂ ಪರಿಚಿತವಾದುದೇ. ಬೆಟ್ಟದಲ್ಲಿ ಬೆಂಕಿಯಿದೆಯೆಂಬುದು ಪ್ರತಿಜ್ಞೆ. ಹೊಗೆ ಕಾಣುವುದೆಂಬುದು ಹೇತು. ಹೊಗೆಯಿದ್ದೆಡೆ ಬೆಂಕಿಯಿರುವುದು ಅಡುಗೆಮನೆಯಲ್ಲಿ ಕಂಡ ಸಂಗತಿಯೆಂಬುದು ಉದಾಹರಣೆ. ಬೆಟ್ಟದ ಹೊಗೆಯೂ ಅಂಥದೇ ಎಂದು ಹೊಂದಿಸುವುದು ಉಪನಯ. ಕೊನೆಗೆ ತಲಪುವ ನಿರ್ಣಯವು ನಿಗಮನ. ಹೇತುವಿನಂತೆ ತೋರಿ ಹೇತುವಲ್ಲದ ಹೇತ್ವಾಭಾಸಗಳು ಐದು. ಎದುರಾಳಿಯ ಮಾತಿಗೆ ಅವನು ಉದ್ದೇಶಿಸದ ಅರ್ಥವನ್ನು ಕಟ್ಟುವ ಛಲವು ಮೂರು ಬಗೆ. ಜಾತಿಗಳು ೨೪, ಇಲ್ಲಿ ಜಾತಿಯೆಂದರೆ ಕುಲವಲ್ಲ, ಹುರುಳಿಲ್ಲದ ಆಕ್ಷೇಪ. ವಾದಿಯು ಸೋತನೆಂದು ಹೇಳಲು ಕಾರಣವಾಗುವ ನಿಗ್ರಹಸ್ಥಾನಗಳು ೨೨. ಹೀಗೆ ಎಣಿಸಿ ಇಟ್ಟ ಶಾಸ್ತ್ರವಿದ್ದೂ ದಿನದಿನದ ಮಾತುಕತೆಯಲ್ಲಿ ಸರಿಯಾದ ವಾದವಾವುದು, ತಪ್ಪು ವಾದವಾವುದು ಎಂದು ಗುರುತಿಸುವುದು ಕಷ್ಟವಾಗಿಯೇ ಉಳಿದಿದೆ. ಶಾಸ್ತ್ರದಲ್ಲಿ ಐದು ಅವಯವಗಳೂ ಬಿಡಿಸಿಟ್ಟ ಹಣ್ಣಿನ ಹೋಳುಗಳಂತೆ ಕಣ್ಣೆದುರಿಗಿರುತ್ತವೆ. ಜಗಲಿಯ ಮಾತಿನಲ್ಲಿ ಒಂದೋ ಎರಡೋ ಮಾತ್ರ ಬಾಯಿಗೆ ಬರುತ್ತವೆ. ಉಳಿದವು ಕೇಳುವವನಿಗಿರಲಿ, ಆಡಿದವನಿಗೂ ಸ್ಪಷ್ಟವಾಗಿರುವುದಿಲ್ಲ.

ಬಯಲುಸೀಮೆಯ ಯಾವ ಹಳ್ಳಿಯಲ್ಲಾದರೂ ನಡೆಯಬಹುದಾದ ಒಂದು ಪ್ರಸಂಗವನ್ನು ಇಲ್ಲಿ ಭಾವಿಸಿಕೊಳ್ಳಬಹುದು. ಒಂದು ಒಕ್ಕಲುಮನೆ, ವಯಸ್ಸಾದ ತಾಯಿ, ಇಬ್ಬರು ಗಂಡುಮಕ್ಕಳು. ಹೊಲದಲ್ಲಿ ಈಗಾಗಲೆ ಎರಡು ಕೊಳವೆ ಬಾವಿಗಳನ್ನು ಕೊರೆಸಿ, ಎರಡರಲ್ಲಿಯೂ ನೀರು ಬೀಳದೆ ಸಾಲ ಮಾತ್ರ ಉಳಿದಿದೆ. ಈಗ ಪಕ್ಕದ ಹೊಲದವನಿಗೆ ಒಳ್ಳೆಯ ನೀರು ಬಿದ್ದಿದೆ. ಹಿರಿಯ ಮಗನು ತಾಯಿಯ ಮೈಮೇಲಿನ ಚಿನ್ನವನ್ನು ಒತ್ತೆಯಿಟ್ಟು ಮೂರನೆಯ ಬಾವಿಯನ್ನು ಕೊರೆಸಬೇಕೆನ್ನುತ್ತಾನೆ. ಅವನು ಕೊಡುವ ಕಾರಣ ಒಂದೇ: ಬದುವಿನಾಚೆ ನೀರು ಬಿದ್ದಿದೆ, ಬದುವಿನೀಚೆ ಬೀಳದೆ ಎಲ್ಲಿಗೆ ಹೋದೀತು? ಆಗ ಕಂಬಕ್ಕೆ ಒರಗಿ ಕುಳಿತಿದ್ದ ಕಿರಿಯವನು ಬಾಯಿ ತೆರೆಯುತ್ತಾನೆ. “ಅಣ್ಣಾ, ಆಚೆ ನೀರು ಬಿದ್ದರೆ ಈಚೆಯೂ ಬೀಳಬೇಕೆಂದು ಎಲ್ಲಿದೆ? ಎರಡನೆಯ ಬಾವಿ ಕೊರೆಸುವಾಗಲೂ ತೆಂಕಣ ಹೊಲದ ನೀರನ್ನು ತೋರಿಸಿಯೇ ಈ ಮಾತು ಹೇಳಿದ್ದೆಯಲ್ಲ” ಎನ್ನುತ್ತಾನೆ. ಅಣ್ಣನ ಉತ್ತರ ಕೂಡಲೆ ಬರುತ್ತದೆ: “ನಿನ್ನೆ ರಾತ್ರಿ ನೀನು ಎಲ್ಲಿ ಬಿದ್ದಿದ್ದೆ ಎಂಬುದು ಊರಿಗೆಲ್ಲ ಗೊತ್ತು. ನೀನು ನನಗೆ ಬುದ್ಧಿ ಹೇಳುತ್ತೀಯಾ?” ಕೂಡಿದ್ದವರು ನಗುತ್ತಾರೆ. ಕಿರಿಯವನು ಕುಡಿಯುವವನೆಂಬುದು ನಿಜ; ತಲೆ ತಗ್ಗಿಸಿ ಎದ್ದು ಹೋಗುತ್ತಾನೆ. ತಾಯಿ ಒಳಗೆ ಹೋಗಿ ಪೆಟ್ಟಿಗೆಯ ಬೀಗವನ್ನು ತೆಗೆಯುತ್ತಾಳೆ.

ಮೂರನೆಯ ಬಾವಿಯಲ್ಲಿ ನೀರು ಬಿತ್ತೋ ಇಲ್ಲವೋ ಎಂಬುದು ಇಲ್ಲಿ ಪ್ರಕೃತವಲ್ಲ. ಬಿದ್ದರೂ ಅಣ್ಣನ ವಾದವು ಸರಿಯಾಗುವುದಿಲ್ಲ. ಬೀಳದಿದ್ದರೂ ಅದು ಹೊಸದಾಗಿ ತಪ್ಪಾಗುವುದಿಲ್ಲ. ತೀರ್ಮಾನವು ನಿಜವಾಗುವುದು ಬೇರೆ, ಕೊಟ್ಟ ಕಾರಣವು ಆ ತೀರ್ಮಾನವನ್ನು ಹೊರಬಲ್ಲುದಾಗಿರುವುದು ಬೇರೆ. ಈ ಭೇದವನ್ನು ಮರೆತವನು ವಾದವನ್ನು ತೂಗಲಾರನು.

ಅಣ್ಣನ ಮಾತನ್ನು ಐದು ಅವಯವಗಳಾಗಿ ಬಿಡಿಸಿ ನೋಡಿದರೆ ಕೊರತೆ ಎಲ್ಲಿದೆಯೆಂಬುದು ತಾನೇ ಕಾಣುತ್ತದೆ. ನೀರು ಬೀಳುವುದೆಂಬ ಪ್ರತಿಜ್ಞೆ ಇದೆ. ಪಕ್ಕದಲ್ಲಿ ಬಿದ್ದಿದೆಯೆಂಬ ಹೇತುವೂ ಇದೆ. ಆದರೆ ಒಂದು ಹೊಲದಲ್ಲಿ ನೀರಿದ್ದರೆ ನೆರೆಯ ಹೊಲದಲ್ಲಿಯೂ ಇದ್ದೇ ಇರುತ್ತದೆ ಎಂಬ ವ್ಯಾಪ್ತಿಯನ್ನು ಅವನು ಹೇಳಲಿಲ್ಲ. ಹೇಳಿದ್ದರೆ ಅದು ಅಲ್ಲಿಯೇ ಮುರಿದು ಬೀಳುತ್ತಿತ್ತು. ಕರ್ನಾಟಕದ ನೆಲದ ಬಹುಭಾಗವು ಗಟ್ಟಿಬಂಡೆಯ ನೆಲ. ಅದರ ಆಳದಲ್ಲಿ ನೀರು ಕೆರೆಯಂತೆ ಹರಡಿ ನಿಂತಿರುವುದಿಲ್ಲ. ಬಂಡೆಯ ಬಿರುಕುಗಳಲ್ಲಿ, ಸೀಳುಗಳಲ್ಲಿ ಸೇರಿಕೊಂಡಿರುತ್ತದೆ. ಬಿರುಕು ಹೋದ ಕಡೆ ನೀರು. ಅದಕ್ಕೆ ಬದುವಿನ ಲೆಕ್ಕವಿಲ್ಲ, ಕೆಲವೇ ಮಾರು ದೂರದಲ್ಲಿ ಬಂಡೆ ಒಣಗಿರಬಹುದು. ತಾರ್ಕಿಕರು ಇಂಥ ಗುಪ್ತ ನಿಬಂಧನೆಯನ್ನು ಉಪಾಧಿಯೆಂದು ಕರೆದರು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಆದರೆ ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯೇಳಬೇಕಾದರೆ ಹಸಿಯ ಸೌದೆಯ ಸಂಬಂಧವೂ ಬೇಕು. ಅದೇ ಅಲ್ಲಿಯ ಉಪಾಧಿ. ಅಣ್ಣನ ವಾದದಲ್ಲಿ ಬಂಡೆಯ ಬಿರುಕೇ ಉಪಾಧಿ. ಓದು ಬಾರದ ಕಿರಿಯವನು ಈ ಪದಗಳಲ್ಲಿ ಒಂದನ್ನೂ ಅರಿಯನು. ಆದರೂ ಎರಡನೆಯ ಬಾವಿಯನ್ನು ನೆನಪಿಸಿದಾಗ ಅವನು ಮಾಡಿದುದು ತಾರ್ಕಿಕರು ಮಾಡುವ ಕಾರ್ಯವನ್ನೇ: ಹೇತುವಿದ್ದೂ ಸಾಧ್ಯವಿಲ್ಲದ ಒಂದು ಸ್ಥಳವನ್ನು ಬೆರಳಿಟ್ಟು ತೋರಿಸಿದನು.

ಅದನ್ನು ಯಾರೂ ಕೇಳಲಿಲ್ಲವೇಕೆ? ಮೊದಲನೆಯದಾಗಿ, ನೀರು ಬೀಳಬೇಕೆಂಬ ಆಸೆ ಎಲ್ಲರ ಮನಸ್ಸಿನಲ್ಲಿಯೂ ಇತ್ತು. ಬೇಕಾದ ತೀರ್ಮಾನವನ್ನು ಹೊತ್ತು ಬರುವ ವಾದವನ್ನು ಮನಸ್ಸು ಬಾಗಿಲಲ್ಲಿ ತಡೆದು ವಿಚಾರಿಸುವುದಿಲ್ಲ. ಬೇಡವಾದುದನ್ನು ತರುವ ವಾದವನ್ನು ಮಾತ್ರ ನೂರು ಪ್ರಶ್ನೆ ಕೇಳಿ ಹಿಂದಕ್ಕೆ ಕಳುಹಿಸುತ್ತದೆ. ಇದು ಹಳ್ಳಿಗರ ದೋಷವೊಂದೇ ಅಲ್ಲ. ೧೯೮೩ರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಜೊನಾಥನ್ ಇವಾನ್ಸ್ ಮತ್ತು ಅವರ ಇಬ್ಬರು ಸಂಗಡಿಗರು ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಕಾರಣದಿಂದ ತೀರ್ಮಾನವು ಹೊರಡುತ್ತದೆಯೇ ಎಂಬುದನ್ನಷ್ಟೇ ನೋಡಿ ಹೇಳಬೇಕೆಂದು ಜನರಿಗೆ ತಿಳಿಸಲಾಗಿತ್ತು. ಆದರೂ ತೀರ್ಮಾನವು ನಂಬುವಂತಿದ್ದಾಗ ತಪ್ಪು ವಾದಗಳನ್ನು ನೂರಕ್ಕೆ ಸುಮಾರು ೭೧ರಷ್ಟು ಸಂದರ್ಭಗಳಲ್ಲಿ ಸರಿಯೆಂದು ಒಪ್ಪಿದರು. ತೀರ್ಮಾನವು ನಂಬಲಾಗದಂತಿದ್ದಾಗ ಸರಿಯಾದ ವಾದಗಳನ್ನು ಒಪ್ಪಿದುದು ನೂರಕ್ಕೆ ಸುಮಾರು ೫೬ರಷ್ಟು ಮಾತ್ರ. ಓದಿದವರಲ್ಲಿಯೂ ನಂಬಿಕೆಯು ತಕ್ಕಡಿಯ ಮೇಲೆ ಬೆರಳಿಡುತ್ತದೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಎರಡನೆಯ ಕಾರಣವು ಇದಕ್ಕಿಂತ ಆಳವಾದುದು. ಆ ಜಗಲಿಯಲ್ಲಿ ಕುಳಿತವರು ಕಿರಿಯವನ ಮಾತನ್ನು ತೂಗಲಿಲ್ಲ, ಕಿರಿಯವನನ್ನು ತೂಗಿದರು. ಕುಡುಕನೆಂಬ ಮಾತು ಬಂದೊಡನೆ ಬಾವಿಯ ಮಾತು ಮುಗಿದುಹೋಯಿತು.

ಹಾಗಾದರೆ ಆಡುವವನನ್ನು ನೋಡುವುದೇ ತಪ್ಪೇ? ಅಲ್ಲ. ಶಬ್ದವೂ ಒಂದು ಪ್ರಮಾಣವೆಂದು ನೈಯಾಯಿಕರು ಒಪ್ಪಿದ್ದಾರೆ. ಆದರೆ ಅದು ಆಪ್ತನ ಶಬ್ದವಾಗಿರಬೇಕು. ವಸ್ತುವನ್ನು ತಾನು ಸಾಕ್ಷಾತ್ತಾಗಿ ಅರಿತು, ಅರಿತುದನ್ನು ಇದ್ದಂತೆ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಭಾಷ್ಯಕಾರನಾದ ವಾತ್ಸ್ಯಾಯನನು ಅಂದೇ ಹೇಳಿರುವುದು ಗಮನಾರ್ಹವಾಗಿದೆ. ಒಬ್ಬನು ತಾನು ಕಂಡೆನೆಂದು, ಕೇಳಿದೆನೆಂದು, ಹಣವನ್ನು ಕೊಟ್ಟೆನೆಂದು ಹೇಳಿದಾಗ ಕೇಳುವವನ ಕೈಯಲ್ಲಿ ಅವನ ಮಾತಲ್ಲದೆ ಬೇರೇನೂ ಇಲ್ಲ. ಅಲ್ಲಿ ಆಡಿದವನ ನಡತೆಯನ್ನು ನೋಡುವುದು ನ್ಯಾಯವೇ ಸರಿ. ಹತ್ತು ಸಲ ಸುಳ್ಳಾಡಿದವನ ಹನ್ನೊಂದನೆಯ ಸಾಕ್ಷ್ಯವನ್ನು ಸಂಶಯಿಸುವುದು ವಿವೇಕ. ಆದರೆ ಅನುಮಾನದ ಮಾತು ಹಾಗಲ್ಲ. ಇದು ಹೀಗಿರುವುದರಿಂದ ಅದು ಹಾಗೆ ಎಂದು ಒಬ್ಬನು ಹೇಳಿದಾಗ ಅವನು ತನ್ನನ್ನು ನಂಬೆಂದು ಕೇಳುತ್ತಿಲ್ಲ. ಕಾರಣವನ್ನು ಕೇಳುವವನ ಅಂಗೈಯಲ್ಲಿ ಇಟ್ಟು, ನೀನೇ ನೋಡೆನ್ನುತ್ತಿದ್ದಾನೆ. ಇಟ್ಟವನ ಕೈ ಕೊಳೆಯಾಗಿದ್ದರೂ ಹೊನ್ನು ಹೊನ್ನೇ. ಇಟ್ಟವನ ಕೈ ನಿರ್ಮಲವಾಗಿದ್ದರೂ ಹಿತ್ತಾಳೆ ಹಿತ್ತಾಳೆಯೇ. ಸಾಕ್ಷ್ಯದಲ್ಲಿ ನುಡಿವವನನ್ನು ತೂಗಬೇಕು. ಯುಕ್ತಿಯಲ್ಲಿ ನುಡಿಯನ್ನು ತೂಗಬೇಕು. ದಿನದಿನದ ಮಾತುಕತೆಯಲ್ಲಿ ನಡೆಯುವ ಅನ್ಯಾಯಗಳಲ್ಲಿ ಎಷ್ಟೋ ಈ ಎರಡು ತೂಕಗಳನ್ನು ಅದಲುಬದಲು ಮಾಡುವುದರಿಂದ ಹುಟ್ಟುತ್ತವೆ.

ಈ ತಪ್ಪು ಹೀನನೆನಿಸಿದವನನ್ನು ತಳ್ಳಿಹಾಕುವ ರೂಪದಲ್ಲಿ ಮಾತ್ರ ಬರುತ್ತದೆಂದು ತಿಳಿಯಬಾರದು. ದೊಡ್ಡವನೆನಿಸಿದವನನ್ನು ಕುರುಡಾಗಿ ಒಪ್ಪುವ ರೂಪದಲ್ಲಿಯೂ ಅದು ಬರುತ್ತದೆ. ಜಗಲಿಯಲ್ಲಿ ಬರುವಂತೆಯೇ ನ್ಯಾಯಾಸ್ಥಾನದಲ್ಲಿಯೂ ಬರುತ್ತದೆ. ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಎಂಬ ಮಹಿಳೆಯ ಕಥೆ ಇದಕ್ಕೆ ಸಾಕ್ಷಿಯಾಗಿದೆ. ಆಕೆ ವೃತ್ತಿಯಿಂದ ನ್ಯಾಯವಾದಿ. ೧೯೯೬ರ ಡಿಸೆಂಬರಿನಲ್ಲಿ ಆಕೆಯ ಮೊದಲನೆಯ ಹಸುಗೂಸು, ೧೯೯೮ರ ಜನವರಿಯಲ್ಲಿ ಎರಡನೆಯದು, ಕೆಲವೇ ವಾರಗಳ ವಯಸ್ಸಿನಲ್ಲಿ ಮನೆಯಲ್ಲಿಯೇ ಹಠಾತ್ತಾಗಿ ಅಸುನೀಗಿದುವು. ತಾಯಿಯೇ ಕೊಂದಳೆಂದು ಮೊಕದ್ದಮೆ ನಡೆಯಿತು. ಅಲ್ಲಿ ಪ್ರಖ್ಯಾತರಾದ ಶಿಶುವೈದ್ಯರೊಬ್ಬರು ಸಾಕ್ಷ್ಯ ನುಡಿದರು. ಅಂಥ ಸುಸ್ಥಿತಿಯ ಕುಟುಂಬದಲ್ಲಿ ಒಂದು ಮಗು ಕಾರಣ ತಿಳಿಯದೆ ಹಠಾತ್ತಾಗಿ ಸಾಯುವ ಸಂಭವ ೮,೫೪೩ರಲ್ಲಿ ಒಂದು. ಆದುದರಿಂದ ಎರಡು ಮಕ್ಕಳೂ ಹಾಗೆ ಸಾಯುವ ಸಂಭವವು ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದಷ್ಟು, ಎಂದರೆ ಸುಮಾರು ೭ ಕೋಟಿ ೩೦ ಲಕ್ಷದಲ್ಲಿ ಒಂದು ಎಂಬುದು ಅವರ ಮಾತಿನ ಸಾರ. ೧೯೯೯ರ ನವೆಂಬರಿನಲ್ಲಿ ಆಕೆಗೆ ಜೀವಾವಧಿ ಶಿಕ್ಷೆಯಾಯಿತು.

ಆ ಲೆಕ್ಕದಲ್ಲಿ ಎರಡು ದೋಷಗಳಿದ್ದುವು. ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳ ಸಂಭವವನ್ನು ಮಾತ್ರ ಹಾಗೆ ಗುಣಿಸಬಹುದು. ಒಂದು ಹೊಲಕ್ಕೆ ಆಲಿಕಲ್ಲಿನ ಮಳೆ ಬೀಳುವುದು ಅಪರೂಪ; ಆದರೆ ಒಂದಕ್ಕೆ ಬಿದ್ದ ದಿನ ಅಂಟಿಕೊಂಡಿರುವ ಇನ್ನೊಂದಕ್ಕೂ ಬೀಳುವುದು ಅಪರೂಪವಲ್ಲ, ಮೋಡ ಒಂದೇ ಆದುದರಿಂದ. ಒಂದೇ ತಾಯಿತಂದೆಯರ, ಒಂದೇ ಮನೆಯ ಎರಡು ಮಕ್ಕಳಿಗೆ ವಂಶದಿಂದ ಬಂದ ಯಾವುದೋ ಒಂದು ದೌರ್ಬಲ್ಯವು ಸಮಾನವಾಗಿರಬಹುದೆಂಬುದನ್ನು ಆ ಗುಣಾಕಾರ ಮರೆಯಿತು. ಎರಡನೆಯ ದೋಷವು ಇನ್ನೂ ಸೂಕ್ಷ್ಮವಾದುದು. ಸಹಜವಾಗಿ ಎರಡು ಮಕ್ಕಳು ಸಾಯುವುದು ಬಹು ಅಪರೂಪವೆಂದು ಒಪ್ಪಿಕೊಂಡರೂ, ತಾಯಿಯೊಬ್ಬಳು ತನ್ನ ಎರಡು ಹಸುಗೂಸುಗಳನ್ನು ಕೊಲ್ಲುವುದೂ ಬಹು ಅಪರೂಪವೇ ಅಲ್ಲವೆ? ಅಪರೂಪವನ್ನು ಅಪರೂಪದೊಡನೆ ತೂಗಿದ್ದರೆ ಅದು ತೂಕವಾಗುತ್ತಿತ್ತು. ಆ ಸಂಖ್ಯೆಯು ತಕ್ಕಡಿಯ ಒಂದೇ ತಟ್ಟೆಯನ್ನು ತೋರಿಸಿತು. ಇನ್ನೊಂದು ತಟ್ಟೆಯಲ್ಲಿ ಏನಿದೆಯೆಂಬುದು ಕೇಳಿದವರ ಮನಸ್ಸಿಗೆ ಬರಲಿಲ್ಲ. ೨೦೦೦ದಲ್ಲಿ ಮೊದಲನೆಯ ಮೇಲ್ಮನವಿ ವಜಾ ಆಯಿತು. ೨೦೦೧ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯು ಆ ಲೆಕ್ಕಕ್ಕೆ ಸಂಖ್ಯಾಶಾಸ್ತ್ರದ ಆಧಾರವಿಲ್ಲವೆಂದು ಬಹಿರಂಗವಾಗಿ ಸಾರಿತು. ಎರಡನೆಯ ಮಗುವಿನ ದೇಹದಲ್ಲಿ ರೋಗಾಣುಗಳು ಕಂಡುಬಂದಿದ್ದ ಪರೀಕ್ಷಾ ವರದಿಯೊಂದು ಪ್ರತಿವಾದಿಗಳಿಗೆ ಸಿಗದೆ ಉಳಿದಿತ್ತೆಂಬುದೂ ಹೊರಬಿದ್ದು, ೨೦೦೩ರ ಜನವರಿಯಲ್ಲಿ ಆಕೆಯ ಬಿಡುಗಡೆಯಾಯಿತು. ಬಿಡುಗಡೆಯಾದ ತಾಯಿಯು ಆ ಆಘಾತದಿಂದ ಚೇತರಿಸಿಕೊಳ್ಳಲೇ ಇಲ್ಲ, ೨೦೦೭ರಲ್ಲಿ ತೀರಿಕೊಂಡಳು.

ಈ ಎರಡು ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದು ಕಡೆ ಕುಡುಕನ ಸರಿಯಾದ ಯುಕ್ತಿ. ಇನ್ನೊಂದು ಕಡೆ ಪಂಡಿತನ ತಪ್ಪು ಯುಕ್ತಿ. ಒಂದನ್ನು ಆಡಿದವನ ಅಪಕೀರ್ತಿಯಿಂದ ತಳ್ಳಿದರು. ಇನ್ನೊಂದಕ್ಕೆ ಆಡಿದವನ ಕೀರ್ತಿಯು ಬಲ ಕೊಟ್ಟಿತು. ಶಿಶುವೈದ್ಯನು ಮಕ್ಕಳ ರೋಗದ ವಿಷಯದಲ್ಲಿ ತಾನು ಕಂಡುದನ್ನು ಹೇಳುವಾಗ ಆಪ್ತನಾಗಿರಬಹುದು. ಆದರೆ ಆ ಮಾತಿನ ನಡುವೆ “ಆದುದರಿಂದ” ಎಂಬ ಪದವು ಬಂದ ಕ್ಷಣದಲ್ಲಿಯೇ ಸಾಕ್ಷ್ಯವು ನಿಂತು ಯುಕ್ತಿಯು ಮೊದಲಾಯಿತು. ಅದೂ ಅವರ ಶಾಸ್ತ್ರದ ಹೊರಗಿನ ಯುಕ್ತಿ. ಅಲ್ಲಿಂದ ಮುಂದೆ ಅವರ ಬಿರುದು ಗುಣಾಕಾರಕ್ಕೆ ಯಾವ ಬಲವನ್ನೂ ಕೊಡಲಾರದು. ನಿತ್ಯದ ಮಾತಿನಲ್ಲಿ ಸಾಕ್ಷ್ಯವೂ ಯುಕ್ತಿಯೂ ಹಾಲುನೀರಿನಂತೆ ಒಂದೇ ವಾಕ್ಯದಲ್ಲಿ ಬೆರೆತು ಬರುತ್ತವೆ. ಸಾಕ್ಷ್ಯಕ್ಕೆ ಸಲ್ಲಬೇಕಾದ ಗೌರವವು ಕೇಳುವವನಿಗೆ ತಿಳಿಯದಂತೆಯೇ ಯುಕ್ತಿಗೂ ಸಲ್ಲಿಹೋಗುತ್ತದೆ. ವಾದವನ್ನು ತೂಗುವ ಕಷ್ಟವು ಇರುವುದು ಇಲ್ಲಿ.

ಇಲ್ಲಿ ಶರಣಧರ್ಮವನ್ನು ಬಲ್ಲವರಿಗೆ ಒಂದು ಆಕ್ಷೇಪವು ಏಳುವುದು ಸಹಜ. ನಡೆ ನುಡಿಗಳು ಒಂದಾಗಬೇಕೆಂಬುದು ವಚನಗಳ ತಿರುಳು. ನಡೆಯಿಲ್ಲದ ನುಡಿಗೆ ಶರಣರು ಬೆಲೆಯನ್ನೇ ಕೊಡಲಿಲ್ಲ. ಹಾಗಿರುವಲ್ಲಿ, ನಡೆ ಕೆಟ್ಟವನ ನುಡಿಯನ್ನು ಕಿವಿಗೆ ಹಾಕಿಕೊಳ್ಳದ ಅಣ್ಣನು ಆ ಬೋಧನೆಯನ್ನೇ ಅನುಸರಿಸಿದಂತಾಗಲಿಲ್ಲವೆ? ಈ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕಲಾಗದು. ಧಾರ್ಮಿಕರ ಮನೆಗಳಲ್ಲಿಯೇ ಈ ತಪ್ಪು ಹೆಚ್ಚಾಗಿ ನಡೆಯುವುದಕ್ಕೆ ಕಾರಣವೂ ಇದೇ.

ನಡೆ ನುಡಿಗಳ ಐಕ್ಯವನ್ನು ಶರಣರು ಯಾರಿಂದ ಕೇಳಿದರೆಂಬುದನ್ನು ಮೊದಲು ನೋಡಬೇಕು. ಬಸವಣ್ಣನವರ ವಚನಗಳನ್ನು ಓದಿದವರಿಗೆ ಅವರು ಎಷ್ಟು ಕಡೆಗಳಲ್ಲಿ ತಮ್ಮ ಮನಸ್ಸನ್ನೇ, ತಮ್ಮ ಭಕ್ತಿಯ ಕೊರತೆಯನ್ನೇ ಎತ್ತಿ ಆಡಿಕೊಂಡಿದ್ದಾರೆಂಬುದು ತಿಳಿದ ಸಂಗತಿ. ನುಡಿದಂತೆ ನಡೆಯುವ ಹೊಣೆಯು ನುಡಿವವನದು. ಅದು ಅವನು ತನ್ನ ಮುಖವನ್ನು ನೋಡಿಕೊಳ್ಳಬೇಕಾದ ಕನ್ನಡಿ; ಕೇಳುವವನು ಎದುರಿನವನ ತಲೆಗೆ ಹೊಡೆಯುವ ಕೋಲಲ್ಲ. ನಡೆಯಿಲ್ಲದವನ ನುಡಿಯಿಂದ ಅವನಿಗೆ ಸದ್ಗತಿಯಿಲ್ಲವೆಂದು ಶರಣರು ಹೇಳಿದರೆ, ಅದರಿಂದ ಅವನು ಕೊಟ್ಟ ಕಾರಣವೂ ಸುಳ್ಳೆಂದು ಸಿದ್ಧವಾಗುವುದಿಲ್ಲ. ಕುಡಿಯುವವನು ಕುಡಿತದ ಕೇಡನ್ನು ಹೇಳಿದರೆ ಅವನು ತನ್ನ ನುಡಿಗೆ ತಪ್ಪಿದವನು. ನುಡಿ ಮಾತ್ರ ತಪ್ಪಾಗಲಿಲ್ಲ. ಇನ್ನು ಕಿರಿಯವನು ಆಡಿದುದಾದರೋ ಕುಡಿತದ ಮಾತೂ ಅಲ್ಲ, ಬಾವಿಯ ಮಾತು.

ನುಡಿವವನ ಅಂತಸ್ತಿನಿಂದ ನುಡಿಯನ್ನು ಅಳೆಯುವ ಪದ್ಧತಿಯೇ ನಿಂತಿದ್ದರೆ ಹನ್ನೆರಡನೆಯ ಶತಮಾನದ ಕಲ್ಯಾಣದ ಅನುಭವಗೋಷ್ಠಿಯು ನಡೆಯುತ್ತಲೇ ಇರಲಿಲ್ಲವೆಂಬುದನ್ನೂ ನೆನೆಯಬೇಕು. ದೋಣಿ ನಡೆಸುವ ಚೌಡಯ್ಯ, ಬಟ್ಟೆ ಒಗೆಯುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ ಇವರ ಮಾತನ್ನು ಲೋಕವು ಅವರ ಕುಲಕಸುಬುಗಳ ಕಟ್ಟಿನಲ್ಲಿಯೇ ಇಟ್ಟು ಮುಚ್ಚಿಡುತ್ತಿತ್ತು. ಪರಂಪರೆಯು ಹೇಳಿಕೊಂಡು ಬಂದಿರುವ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವು ಈ ವಿಷಯದಲ್ಲಿ ದೀಪದಂತಿದೆ. ಪತಿಯಾದ ಮಾರಯ್ಯನು ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಕಾಯಕ ನಡೆಸುವವನು. ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದನು. ದಿನದ ಅಗತ್ಯಕ್ಕಿಂತ ಹೆಚ್ಚಿನದು ಆಸೆಯ ಗುರುತಾಗುವುದರಿಂದ ಅದನ್ನು ಇದ್ದೆಡೆಯಲ್ಲಿಯೇ ಸುರಿದು ಬರಬೇಕೆಂದು ಲಕ್ಕಮ್ಮ ಹೇಳಿದಳು. ಬಡವಿ, ಹೆಂಡತಿ, ಮನೆಯೊಳಗಿನವಳು. ಆ ಕಾಲದ ಲೋಕದ ತಕ್ಕಡಿಯಲ್ಲಿ ಅವಳ ಮಾತಿಗೆ ಎಷ್ಟು ತೂಕವಿದ್ದೀತು? ಮಾರಯ್ಯನು ಅವಳಾರೆಂದು ನೋಡಲಿಲ್ಲ. ಅವಳು ಹೇಳಿದ ಕಾರಣ ಏನೆಂದು ನೋಡಿದನು. ತಿದ್ದಿಸಿಕೊಂಡುದರಿಂದ ಅವನು ಸಣ್ಣವನಾಗಲಿಲ್ಲ. ಇಂದಿಗೂ ಅವರಿಬ್ಬರ ಹೆಸರನ್ನು ಜನರು ಕೂಡಿಸಿಯೇ ಹೇಳುತ್ತಾರೆ.

ವಾದವನ್ನು ತೂಗುವ ಕಷ್ಟವು ಸಂಪೂರ್ಣವಾಗಿ ತೊಲಗುವುದಿಲ್ಲ. ಪ್ರತಿಯೊಂದು ಮಾತನ್ನೂ ಬಿಡಿಸಿ ನೋಡುವಷ್ಟು ಬಿಡುವು ಒಕ್ಕಲಿಗನಿಗೂ ಇಲ್ಲ, ನ್ಯಾಯಾಧೀಶನಿಗೂ ಇಲ್ಲ; ಬಲ್ಲವರನ್ನು ನಂಬದೆ ಒಂದು ದಿನವೂ ಬದುಕು ಸಾಗದು. ಹೀಗಿದ್ದರೂ ಹೆಚ್ಚಿನ ಹೊಣೆಯ ತೀರ್ಮಾನದ ಮುಂದೆ ಮೂರು ಅಭ್ಯಾಸಗಳು ಮನುಷ್ಯನ ಕೈ ಹಿಡಿಯಬಲ್ಲವು. ಮೊದಲನೆಯದು, ಉತ್ತರ ಕೊಡುವ ಮುನ್ನ ಎದುರಿನವನು ಹೇಳಿದ ಕಾರಣವನ್ನು ಅವನು ಒಪ್ಪುವಂತೆ ಮರಳಿ ಹೇಳುವುದು. ಸಭೆಯು ಅರ್ಥಮಾಡಿಕೊಂಡು, ಮೂರು ಸಲ ಹೇಳಿದ ಮಾತನ್ನೂ ಅನುವಾದ ಮಾಡಿ ಹೇಳಲಾರದವನು ಸೋತನೆಂದು ನ್ಯಾಯಸೂತ್ರಗಳು ವಿಧಿಸಿವೆ; ಆ ನಿಗ್ರಹಸ್ಥಾನಕ್ಕೆ ಅನನುಭಾಷಣವೆಂದು ಹೆಸರು. ಈ ಒಂದು ನಿಯಮವು ಜಗಲಿಯಲ್ಲಿ ನಡೆದಿದ್ದರೆ ಅಣ್ಣನು ಎರಡನೆಯ ಬಾವಿಯ ಮಾತನ್ನು ತನ್ನ ಬಾಯಿಂದಲೇ ಆಡಬೇಕಾಗುತ್ತಿತ್ತು. ಆಡಿದ ಮೇಲೆ ನಗುವುದು ಅಷ್ಟು ಸುಲಭವಾಗಿರುತ್ತಿರಲಿಲ್ಲ.

ಎರಡನೆಯದು, ಹೇಳದೆ ಬಿಟ್ಟ ಅವಯವವನ್ನು ಹುಡುಕುವುದು. ವಾಕ್ಯದಲ್ಲಿ “ಆದುದರಿಂದ” ಎಂಬ ಮಾತು ಎಲ್ಲಿದೆಯೋ ಅಲ್ಲಿ ನಿಂತು, ಇದರಿಂದ ಅದು ಹೊರಡಬೇಕಾದರೆ ಇನ್ನೇನು ನಿಜವಾಗಿರಬೇಕು ಎಂದು ಕೇಳಿಕೊಳ್ಳುವುದು. ಬಾಯಿ ಬಿಟ್ಟು ಹೇಳಿದೊಡನೆ ಅನೇಕ ವ್ಯಾಪ್ತಿಗಳು ತಾವೇ ನಾಚಿ ಅಡಗುತ್ತವೆ.

ಮೂರನೆಯದು, ಬಾಯಿಗಳನ್ನು ಬದಲಾಯಿಸಿ ನೋಡುವುದು. ಇದೇ ಮಾತನ್ನು ತಾನು ಗೌರವಿಸುವ ಹಿರಿಯನೊಬ್ಬನು ಆಡಿದ್ದರೆ ಒಪ್ಪುತ್ತಿದ್ದೆನೇ? ತಾನು ಒಪ್ಪಿದ ಈ ಮಾತನ್ನು ಊರಿನ ಹಗೆಯವನು ಆಡಿದ್ದರೆ ಎಷ್ಟು ತಪ್ಪುಗಳನ್ನು ಹುಡುಕುತ್ತಿದ್ದೆನು? ಹೀಗೆ ಕೇಳಿಕೊಂಡಾಗ ತೀರ್ಪು ಬದಲಾದರೆ, ತೂಗಿದುದು ನುಡಿಯನ್ನಲ್ಲ, ನುಡಿವವನನ್ನೆಂದು ತಿಳಿಯಬೇಕು. ಈ ಪರೀಕ್ಷೆಯಲ್ಲಿ ಎಲ್ಲರಿಗಿಂತ ಕಠಿನವಾಗುವುದು ತನ್ನದೇ ವಾದ. ಪ್ರತಿಯೊಬ್ಬನಿಗೂ ತನಗಿಂತ ಆಪ್ತನಾದ ಮತ್ತೊಬ್ಬನಿಲ್ಲ. ತನ್ನ ಬಾಯಿಂದ ಬಂದುದೆಂಬ ಒಂದೇ ಕಾರಣದಿಂದ ಒಪ್ಪಿಗೆ ಪಡೆದ ವಾದಗಳನ್ನು ಲೆಕ್ಕ ಹಾಕಿದರೆ, ಶಿಶುವೈದ್ಯನಿಗೆ ಮರುಳಾದ ನ್ಯಾಯಸಭೆಯನ್ನು ಹಳಿಯುವ ಧೈರ್ಯ ಯಾರಿಗೂ ಉಳಿಯಲಾರದು. ನಡೆ ನುಡಿಗಳ ಕನ್ನಡಿಯನ್ನು ಹಿಡಿಯಬೇಕಾದ ನಿಜವಾದ ಸ್ಥಳವು ಇದೇ ಆಗಿದೆ.

ನೈಯಾಯಿಕರು ಮಾತುಕತೆಯನ್ನು ವಾದ, ಜಲ್ಪ, ವಿತಂಡವೆಂದು ಮೂರಾಗಿ ವಿಂಗಡಿಸಿದರು. ತತ್ತ್ವವನ್ನು ತಿಳಿಯಬೇಕೆಂದು ನಡೆಸುವುದು ವಾದ. ಗೆಲ್ಲಬೇಕೆಂದು ನಡೆಸುವುದು ಜಲ್ಪ. ತನ್ನ ಪಕ್ಷವನ್ನೇ ಇಟ್ಟುಕೊಳ್ಳದೆ ಪರರದನ್ನು ಕೆಡಿಸುವುದು ವಿತಂಡ. ಮೂರರಲ್ಲಿಯೂ ಆಡುವ ಮಾತುಗಳು ಹೊರಗೆ ಒಂದೇ ಬಗೆಯಾಗಿ ಕೇಳಿಸಬಹುದು. ಅವುಗಳನ್ನು ಬೇರ್ಪಡಿಸುವುದು ಒಳಗಿನ ಉದ್ದೇಶ. ಸೋಲಲು ಸಿದ್ಧನಿರುವವನು ಮಾತ್ರ ವಾದ ಮಾಡಬಲ್ಲನು. ಅಣ್ಣನು ಗೆದ್ದುದು ಜಲ್ಪದಲ್ಲಿ. ಮನೆಯು ಕಳೆದುಕೊಂಡುದು ವಾದವನ್ನು.

ಆ ಗೆಲುವಿನಲ್ಲಿ ಮನೆಯು ಕಳೆದುಕೊಂಡುದು ಚಿನ್ನವೊಂದನ್ನೇ ಅಲ್ಲ. ಕುಡಿತದಿಂದ ಮಾನವನ್ನು ಕಳೆದುಕೊಂಡಿದ್ದ ಕಿರಿಯವನಲ್ಲಿ ಇನ್ನೂ ಕೆಡದೆ ಉಳಿದಿದ್ದುದು ಸರಿಯಾಗಿ ಆಲೋಚಿಸುವ ಒಂದು ಶಕ್ತಿ. ಅಂದು ಅವನು ಅದನ್ನೇ ತಂದು ಮನೆಯವರ ಮುಂದೆ ಇಟ್ಟನು. ಅದನ್ನು ನಗೆಯಲ್ಲಿ ತೇಲಿಸಿದಾಗ, ಅವನಿಂದ ಇನ್ನು ಯಾವ ಒಳಿತನ್ನೂ ನಿರೀಕ್ಷಿಸುವುದಿಲ್ಲವೆಂದು ಅವನ ಒಡಹುಟ್ಟಿದವನೇ ಸಾರಿದಂತಾಯಿತು. ಒಬ್ಬ ಮನುಷ್ಯನ ಕಾರಣವನ್ನು ಕೇಳುವುದೆಂದರೆ ಅವನು ಇನ್ನೂ ಮನುಷ್ಯರ ಗೋಷ್ಠಿಗೆ ಸೇರಿದವನೆಂದು ಒಪ್ಪುವುದು. ಕೇಳಿದ ಮೇಲೆ ಒಪ್ಪದಿರಬಹುದು, ಒಪ್ಪದಿರುವುದು ಅವಮಾನವಲ್ಲ. ಕೇಳದಿರುವುದೇ ಅವಮಾನ.

“ನಿನ್ನ ಕುಡಿತದ ಮಾತನ್ನು ಇನ್ನೊಂದು ದಿನ ಆಡುತ್ತೇನೆ, ತಮ್ಮಾ, ಬಾವಿಯ ಮಾತನ್ನು ಇನ್ನೊಮ್ಮೆ ಹೇಳು” ಎಂದು ಅಣ್ಣನು ಅಂದಿದ್ದರೆ ಸಾಕಾಗಿತ್ತು. ಅದಕ್ಕೆ ತರ್ಕಶಾಸ್ತ್ರದ ಪಾಂಡಿತ್ಯ ಬೇಡ; ನುಡಿವವನ ತೂಕವನ್ನು ಕೆಳಗಿಟ್ಟು ನುಡಿಯ ತೂಕವನ್ನು ನೋಡುವಷ್ಟು ಕಾಲ ತನ್ನ ಕೈಯನ್ನು ತಕ್ಕಡಿಯಿಂದ ಹಿಂದಕ್ಕೆ ತೆಗೆದುಕೊಳ್ಳುವ ಸಂಯಮ ಬೇಕು. ಶರಣರ ಗೋಷ್ಠಿಯು ಕಲಿಸುವುದು ಆ ಸಂಯಮವನ್ನು. ಯಾವ ಮನೆಯ ಜಗಲಿಯಲ್ಲಿ ಅದು ನೆಲಸುತ್ತದೆಯೋ ಆ ಜಗಲಿಯೂ ತನ್ನ ಮಟ್ಟಿಗೆ ಒಂದು ಅನುಭವಮಂಟಪವೇ ಆಗಿದೆ.